ಕೊಯ್ಲಿಗೆ ಹೊರಗಿನ ಆಳು: ದೈವಕರೆಯ ಕೊರತೆ ಮತ್ತು ಧರ್ಮಾಧ್ಯಕ್ಷರ ಹೊಣೆ

ಜರ್ಮನಿಯ ರೂರ್ ಪ್ರದೇಶದಲ್ಲಿ ನಾನು ವಾಸವಾಗಿರುವ ಊರಿನ ಕಥೋಲಿಕ ಚರ್ಚಿನ ಬಾಗಿಲಿಗೆ ಪ್ರತಿ ತಿಂಗಳು ಒಂದು ಹಾಳೆ ಅಂಟಿಸುತ್ತಾರೆ. ಯಾವ ಭಾನುವಾರ ಇಲ್ಲಿ ಗುರುಗಳು (ಪಾದ್ರಿಗಳು) ಅರ್ಪಿಸುವ ಬಲಿಪೂಜೆ ಇದೆ, ಯಾವ ಭಾನುವಾರ ಪಕ್ಕದ ಊರಿಗೆ ಹೋಗಬೇಕು, ಯಾವ ಭಾನುವಾರ ಗುರುಗಳಿಲ್ಲದೆ ದೇವರ ವಾಕ್ಯದ ಆರಾಧನೆಯಷ್ಟೇ ನಡೆಯುತ್ತದೆ ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. ಬೈಲಹೊಂಗಲ ತಾಲ್ಲೂಕಿನ ನನ್ನ ಹಳ್ಳಿಯಲ್ಲಿ ಅಂಥ ಹಾಳೆ ಇರಲಿಲ್ಲ, ಆದರೆ ಗುರುಗಳಿಲ್ಲದ ಭಾನುವಾರ ನನಗೆ ಬಾಲ್ಯದಿಂದಲೇ ಗೊತ್ತು. ಹದಿನೈದಿಪ್ಪತ್ತು ಮನೆಗಳ ನಮ್ಮ ಕೇರಿಗೆ ಫಾದರ್ ತಿಂಗಳಿಗೆ ಎರಡು ಸಲ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ಉಳಿದ ವಾರಗಳಲ್ಲಿ ಧರ್ಮಪಾಠ ಹೇಳಿಕೊಡುವ ಉಪದೇಶಿ ಅಜ್ಜ ಬೈಬಲ್ ವಾಚನ ಓದಿ, ಜಪಸರ ಹೇಳಿಸಿ, ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಮುಂದಿನ ಸಲ ಫಾದರ್ ಬಂದಾಗ ಆ ಮನೆಗೆ ಅವರನ್ನು ಕರೆದುಕೊಂಡು ಹೋಗುವುದೂ ಅಜ್ಜನ ಕೆಲಸವೇ ಆಗಿತ್ತು.

ಎರಡೂ ಕಡೆ ಗುರುಗಳ ಕೊರತೆ ಇದೆ. ಆ ಕೊರತೆಗೆ ಧರ್ಮಾಧ್ಯಕ್ಷರು (ಬಿಷಪ್ಪರು) ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ಎರಡೂ ನೆಲಗಳಲ್ಲಿ ಹತ್ತಿರದಿಂದ ನೋಡಿದವನಾಗಿ ನನ್ನ ಅನಿಸಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಜರ್ಮನಿಯ ಸ್ಥಿತಿ ಅಂಕಿಗಳಲ್ಲೇ ನಿಚ್ಚಳವಾಗಿದೆ. 1962ರಲ್ಲಿ ಅಲ್ಲಿ ಒಂದೇ ವರ್ಷ 557 ಮಂದಿ ಗುರುದೀಕ್ಷೆ ಪಡೆದಿದ್ದರು. 2024ರಲ್ಲಿ 27 ಧರ್ಮಕ್ಷೇತ್ರಗಳಿಗೆ (ಒಬ್ಬೊಬ್ಬ ಧರ್ಮಾಧ್ಯಕ್ಷರ ಆಡಳಿತದ ಪ್ರಾಂತ್ಯಗಳಿಗೆ) ಸೇರಿ ದೊರೆತ ಹೊಸ ಗುರುಗಳು 29 ಮಂದಿ ಮಾತ್ರ. ರೂರ್ ಪ್ರದೇಶದ ಎಸ್ಸೆನ್ ಧರ್ಮಕ್ಷೇತ್ರ 2005ರಿಂದ 2008ರೊಳಗೆ ತನ್ನ 259 ಧರ್ಮಕೇಂದ್ರಗಳನ್ನು (ಸ್ಥಳೀಯ ಚರ್ಚು ಸಮುದಾಯಗಳನ್ನು) 43ಕ್ಕೆ ಇಳಿಸಿತು. 2022ರಲ್ಲಿ ಅಲ್ಲಿಯ ಧರ್ಮಾಧ್ಯಕ್ಷರಾದ ಓವರ್‌ಬೆಕ್ ಅವರು ಗುರುದೀಕ್ಷೆಯಿಲ್ಲದ 18 ಮಂದಿ ಶ್ರೀಸಾಮಾನ್ಯರಿಗೆ ಜ್ಞಾನಸ್ನಾನ ಕೊಡುವ ಅಧಿಕಾರವನ್ನು ವಹಿಸಿದರು. ಅವರಲ್ಲಿ 17 ಮಂದಿ ಮಹಿಳೆಯರು. ಈ ಕೊನೆಯ ಕ್ರಮವನ್ನು ನಾನು ಮೆಚ್ಚುತ್ತೇನೆ. ನಮ್ಮ ಉಪದೇಶಿ ಅಜ್ಜನಂಥವರನ್ನು ಕಂಡು ಬೆಳೆದವನಿಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಧರ್ಮಕೇಂದ್ರಗಳನ್ನು ಕೂಡಿಸುವುದು ಕೊರತೆಯನ್ನು ಹಂಚುವ ಲೆಕ್ಕಾಚಾರವೇ ಹೊರತು ಕೊರತೆಗೆ ಉತ್ತರವಲ್ಲ. ಏಳು ಚರ್ಚುಗಳ ಹೊಣೆ ಹೊತ್ತ ಗುರುವಿಗೆ ಒಂದು ಮನೆಯ ಅಂಗಳದಲ್ಲಿ ಅರ್ಧ ತಾಸು ಕುಳಿತುಕೊಳ್ಳುವ ಬಿಡುವು ಇರುವುದಿಲ್ಲ. ಹಾಗೆ ಕುಳಿತ ಗುರುವನ್ನು ಎಂದೂ ಕಾಣದ ಹುಡುಗನಿಗೆ ತಾನೂ ಅವರಂತಾಗಬೇಕೆಂಬ ಆಸೆ ಹುಟ್ಟುವುದಾದರೂ ಹೇಗೆ?

ದೈವಕರೆಯ, ಅಂದರೆ ಗುರುವಾಗಲು ದೇವರು ಕರೆಯುತ್ತಿದ್ದಾನೆಂಬ ಒಳಪ್ರೇರಣೆಯ ವಿಷಯದಲ್ಲಿ ಹೊಣೆ ಯಾರದು ಎಂಬುದನ್ನು ಧರ್ಮಸಭೆ ಅಸ್ಪಷ್ಟವಾಗಿ ಬಿಟ್ಟಿಲ್ಲ. ಅದರ 1983ರ ಕಾನೂನು ಸಂಹಿತೆಯ 233ನೆಯ ನಿಯಮವು ಈ ಕರ್ತವ್ಯವನ್ನು ಇಡೀ ಕ್ರೈಸ್ತ ಸಮುದಾಯದ ಮೇಲಿಟ್ಟು, ವಿಶೇಷ ಕಾಳಜಿಯನ್ನು ಧರ್ಮಾಧ್ಯಕ್ಷರಿಂದ ಅಪೇಕ್ಷಿಸುತ್ತದೆ. ಗುರುಗಳ ತರಬೇತಿಯನ್ನು ಕುರಿತು ಪೋಪ್ ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ಹೊರಡಿಸಿದ ಪ್ರೇರಿತಪತ್ರವಂತೂ ಮೊದಲ ಹೊಣೆ ಧರ್ಮಾಧ್ಯಕ್ಷರದೇ, ಇತರರ ಸಹಕಾರ ಪಡೆದರೂ ಮುಂದೆ ನಿಲ್ಲಬೇಕಾದವರು ಅವರೇ ಎನ್ನುತ್ತದೆ. ಹೀಗಿದ್ದೂ, ಪಾಸ್ಖ (ಈಸ್ಟರ್) ಕಾಲದ ನಾಲ್ಕನೆಯ ಭಾನುವಾರ, ಅಂದರೆ 1964ರಿಂದ ಆಚರಿಸಿಕೊಂಡು ಬಂದಿರುವ ದೈವಕರೆಯ ಪ್ರಾರ್ಥನಾ ದಿನದಂದು ಓದಿಸುವ ಎಷ್ಟೋ ಸುತ್ತೋಲೆಗಳಲ್ಲಿ ನಾನು ಕೇಳಿದ್ದು ಒಂದೇ ಮಾತು: ಕುಟುಂಬಗಳು ಚಿಕ್ಕವಾಗಿವೆ, ತಂದೆತಾಯಂದಿರು ಮಕ್ಕಳನ್ನು ದೇವರಿಗೆ ಬಿಟ್ಟುಕೊಡಲು ಸಿದ್ಧರಿಲ್ಲ. ಈ ಮಾತು ಸುಳ್ಳಲ್ಲ. ಒಬ್ಬನೇ ಮಗನಿರುವ ಮನೆಯ ಅಳುಕು ನನಗೂ ಅರ್ಥವಾಗುತ್ತದೆ. ಆದರೆ ಮನೆಯವರನ್ನು ದೂರುವ ಮೊದಲು ಆ ಮನೆಯ ಹೊಸ್ತಿಲು ತುಳಿದಿದ್ದೇವೆಯೇ ಎಂದು ಹಿರಿಯರು ತಮ್ಮನ್ನೇ ಕೇಳಿಕೊಳ್ಳಬೇಕು.

ಬೆಳಗಾವಿ ಜಿಲ್ಲೆಯವರಿಗೆ ಕಬ್ಬಿನ ಕಟಾವು ಗೊತ್ತು. ಕಾರ್ಖಾನೆ ಶುರುವಾಗುವ ಹೊತ್ತಿಗೆ ಆಳುಗಳ ಮೇಸ್ತ್ರಿಯಾದ ಮುಕಾದಮನಿಗೆ ಮುಂಗಡ ಕೊಟ್ಟು ಹೊರಗಿನಿಂದ ಗ್ಯಾಂಗ್ ತರಿಸುತ್ತಾರೆ. ಅವರು ಬಂದು ಗುಡಿಸಲು ಹಾಕಿ, ಕಡಿದು, ಹೇರಿ ಹೋಗುತ್ತಾರೆ. ಬೆಳೆ ಹೇರಳವಾಗಿದೆ, ಕೊಯ್ಲುಗಾರರು ವಿರಳ ಎಂಬ ಶುಭಸಂದೇಶದ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಗುಡಿಸಲುಗಳು ನೆನಪಾಗುತ್ತವೆ, ಏಕೆಂದರೆ ಜರ್ಮನಿಯ ಧರ್ಮಕ್ಷೇತ್ರಗಳು ಇಂದು ಕೊಯ್ಲುಗಾರರನ್ನು ಭಾರತದಿಂದಲೂ ಆಫ್ರಿಕಾದಿಂದಲೂ ತರಿಸಿಕೊಳ್ಳುತ್ತಿವೆ. ನಮ್ಮ ಊರಿನ ಸಹಾಯಕ ಗುರುಗಳು ದಕ್ಷಿಣ ಭಾರತದವರು, ಸಜ್ಜನರು. ಚಳಿಗಾಲದಲ್ಲಿ ಹಿಮದ ಮೇಲೆ ನಡೆದು ಹೋಗಿ ಮುದುಕರಿಗೆ ಪರಮಪ್ರಸಾದ ಕೊಟ್ಟು ಬರುತ್ತಾರೆ. ಅವರ ಸೇವೆಯ ಬಗ್ಗೆ ನನಗೆ ಗೌರವವಿದೆ. ನನ್ನ ಆಕ್ಷೇಪ ಕಳುಹಿಸುವ ಮತ್ತು ತರಿಸಿಕೊಳ್ಳುವ ಧರ್ಮಾಧ್ಯಕ್ಷರ ಬಗ್ಗೆ. ತರಿಸಿಕೊಳ್ಳುವವರು ತಮ್ಮ ನೆಲದಲ್ಲಿ ಕರೆ ಏಕೆ ಬತ್ತಿತು ಎಂಬ ಪ್ರಶ್ನೆಯನ್ನು ಮುಂದೂಡುತ್ತಾರೆ. ಕಳುಹಿಸುವವರು ತಮ್ಮದೇ ಹಳ್ಳಿಗಳ ಖಾಲಿ ಭಾನುವಾರಗಳನ್ನು ಮರೆಯುತ್ತಾರೆ. ಅಮೆಜಾನ್ ಕುರಿತು 2020ರಲ್ಲಿ ಬರೆದ ಪತ್ರದ ಒಂದು ಅಡಿಟಿಪ್ಪಣಿಯಲ್ಲಿ ಪೋಪ್ ಫ್ರಾನ್ಸಿಸ್ ಇದನ್ನೇ ಗುರುತಿಸಿದ್ದರು: ಅಲ್ಲಿಯ ಕೆಲವು ದೇಶಗಳಿಂದ ತಮ್ಮ ಕಾಡಿನ ಜನರ ಬಳಿಗೆ ಹೋಗುವ ಧರ್ಮಪ್ರಚಾರಕರಿಗಿಂತ ಯುರೋಪು, ಅಮೆರಿಕಗಳಿಗೆ ಹೋಗುವವರೇ ಹೆಚ್ಚು. ಭಾರತಕ್ಕೂ ಕೊಯ್ಲುಗಾರರು ಕೊನೆಯಿಲ್ಲದೆ ಸಿಗುವುದಿಲ್ಲ. ಜಗತ್ತಿನಾದ್ಯಂತ ಗುರುಮಠಗಳಲ್ಲಿ (ಗುರುಗಳಾಗಲು ತರಬೇತಿ ಕೊಡುವ ಕಡೆ) ಓದುವವರ ಸಂಖ್ಯೆ 2011ರಲ್ಲಿ ಸುಮಾರು 1,20,600 ಇದ್ದದ್ದು 2023ರ ಹೊತ್ತಿಗೆ ಸುಮಾರು 1,06,500ಕ್ಕೆ ಇಳಿದಿದೆ, ಇತ್ತೀಚಿನ ವರ್ಷಗಳಲ್ಲಿ ಏಷ್ಯಾದಲ್ಲೂ ಇಳಿಯುತ್ತಿದೆ.

ಜರ್ಮನಿಯಲ್ಲಿ ಕರೆ ಬತ್ತಿದ್ದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಧರ್ಮಾಧ್ಯಕ್ಷರ ಕೈಯಲ್ಲೇ ಇದ್ದದ್ದು ವಿಶ್ವಾಸದ ನಾಶ. 2018ರಲ್ಲಿ ಪ್ರಕಟವಾದ ಅಧ್ಯಯನವು 1946ರಿಂದ 2014ರವರೆಗಿನ ಕಡತಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 3,677 ಮಕ್ಕಳನ್ನೂ 1,670 ಆರೋಪಿತ ಯಾಜಕವರ್ಗದವರನ್ನೂ ಗುರುತಿಸಿತು. ಜನರನ್ನು ಕೆರಳಿಸಿದ್ದು ಆ ಅಪರಾಧಗಳಷ್ಟೇ ಅಲ್ಲ, ಆರೋಪಿಗಳನ್ನು ಸದ್ದಿಲ್ಲದೆ ಒಂದೂರಿನಿಂದ ಇನ್ನೊಂದೂರಿಗೆ ವರ್ಗ ಮಾಡಿದ ಆಡಳಿತ. ಓಸ್ನಾಬ್ರುಕ್‌ನ ಧರ್ಮಾಧ್ಯಕ್ಷ ಬೋಡೆ ಅವರು ಇಂಥ ಪ್ರಕರಣಗಳಲ್ಲಿ ತಮ್ಮಿಂದಾದ ತಪ್ಪುಗಳು ವರದಿಯಾದ ಬಳಿಕ 2023ರ ಮಾರ್ಚ್‌ನಲ್ಲಿ ಸ್ಥಾನ ಬಿಟ್ಟರು. ಅಧಿಕಾರದಲ್ಲಿದ್ದವರು ತಪ್ಪೊಪ್ಪಿಕೊಂಡು ಇಳಿಯುವ ಈ ರೀತಿಯನ್ನು ನಾವು ಜರ್ಮನರಿಂದ ಕಲಿಯಬೇಕು. ನಮ್ಮಲ್ಲಿ ಗುರುಗಳ ಮೇಲೆ ದೂರು ಬಂದರೆ ಧರ್ಮಸಭೆಯ ಮಾನ ಹೋದೀತೆಂದು ದೂರು ಕೊಟ್ಟವರ ಬಾಯಿ ಮುಚ್ಚಿಸುವ ಹಿರಿಯರು ಇನ್ನೂ ಇದ್ದಾರೆ. ಮಗನನ್ನು ಗುರುಮಠಕ್ಕೆ ಕಳಿಸಬೇಕಾದ ತಾಯಿ ಇದನ್ನೆಲ್ಲ ನೋಡುತ್ತಲೇ ಇರುತ್ತಾಳೆ.

ನಮ್ಮ ಕಡೆಯ ತೊಡಕು ಇನ್ನೊಂದು ಬಗೆಯದು, ಅದು ಭಾಷೆಯದು. ಬೆಳಗಾವಿ ಧರ್ಮಕ್ಷೇತ್ರ 1953ರಲ್ಲಿ ಸ್ಥಾಪನೆಯಾಯಿತು. ನಗರದಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷ್, ಕನ್ನಡ ನಾಲ್ಕರಲ್ಲೂ ಪೂಜೆ ನಡೆಯುತ್ತದೆ, ಹಳ್ಳಿಗಳ ಕಡೆ ಹೋದರೆ ಕನ್ನಡವೇ ಜನರ ಉಸಿರು. ಕೊಂಕಣಿ ಮನೆಮಾತಿನ ಎಷ್ಟೋ ಗುರುಗಳು ಬಂದು, ಜೋಳದ ರೊಟ್ಟಿ ತಿನ್ನುವುದನ್ನೂ ನಮ್ಮ ಮಾತನ್ನೂ ಕಲಿತು, ನಮ್ಮವರೇ ಆದರು. ನಮ್ಮ ಕಡೆಯ ದೇಶನೂರಿನಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ಕಾವಿ ತೊಟ್ಟು, ಸಸ್ಯಾಹಾರಿಗಳಾಗಿ, ತಮ್ಮ ನೆಲೆಯನ್ನು ಸ್ನಾನಿಕ ಅರುಳಪ್ಪನವರ (ಯೇಸುವಿಗೆ ಜ್ಞಾನಸ್ನಾನ ಕೊಟ್ಟ ಸಂತ ಯೋವಾನ್ನರ) ವಿರಕ್ತ ಮಠವೆಂದು ಕರೆದುಕೊಂಡದ್ದು ಜನರ ಭಾವವನ್ನು ಅರಿತದ್ದರಿಂದ. ಬೈಲಹೊಂಗಲದ ರೈತನಿಗೆ ಸನ್ಯಾಸ ಹೊಸದಲ್ಲ. ಮಠದ ಹಿರಿಯ ಸ್ವಾಮಿಗಳು ಮರಿಯನ್ನು ಗುರುತಿಸಿ, ಮಠದಲ್ಲೇ ಇರಿಸಿಕೊಂಡು ಓದಿಸುವುದನ್ನು ಅವನು ತಲೆಮಾರುಗಳಿಂದ ಕಂಡಿದ್ದಾನೆ. ಆ ಹುಡುಗ ಯಾರ ಮಗ, ಹೇಗೆ ಬೆಳೆದ ಎಂಬುದು ಭಕ್ತರಿಗೂ ಗೊತ್ತಿರುತ್ತದೆ. ಧರ್ಮಾಧ್ಯಕ್ಷರೂ ಅಷ್ಟೇ ಹತ್ತಿರದಿಂದ ಹುಡುಗರನ್ನು ಅರಿಯಬೇಕೆಂಬುದು ನನ್ನ ಒಟ್ಟು ವಾದ. ಮಕ್ಕಳಿಗೆ ದೃಢೀಕರಣ ಸಂಸ್ಕಾರ ಕೊಡಲೆಂದು ಧರ್ಮಕೇಂದ್ರಕ್ಕೆ ಬಂದ ಧರ್ಮಾಧ್ಯಕ್ಷರು ಒಂದು ರಾತ್ರಿ ಅಲ್ಲೇ ಉಳಿದು, ಮರುದಿನ ಎರಡು ಹಳ್ಳಿಗಳ ಮನೆಗಳಿಗೆ ಉಪದೇಶಿಯ ಜೊತೆ ನಡೆದುಹೋದರೆ ಆಗುವ ಕೆಲಸ ಹತ್ತು ಸುತ್ತೋಲೆಗಳಿಂದ ಆಗದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ತಂಗಿಯ ಮಗ. ಹತ್ತನೆಯ ತರಗತಿ ಮುಗಿಸಿದಾಗ ಅವನು ತನಗೆ ಫಾದರ್ ಆಗುವ ಮನಸ್ಸಿದೆಯೆಂದು ಅಳುಕುತ್ತಲೇ ಹೇಳಿದ. ಓದಿದ್ದು ಕನ್ನಡ ಶಾಲೆಯಲ್ಲಿ. ಸಂಬಂಧಪಟ್ಟವರಿಗೆ ಧರ್ಮಕೇಂದ್ರದ ಗುರುಗಳು ಪತ್ರ ಬರೆದರು. ಬಂದ ಉತ್ತರ ಇಂಗ್ಲಿಷಿನಲ್ಲಿತ್ತು: ಹುಡುಗ ಮೊದಲು ಇಂಗ್ಲಿಷ್ ಸುಧಾರಿಸಿಕೊಳ್ಳಲಿ, ಆಮೇಲೆ ನೋಡೋಣ. ಗುರುಮಠಗಳಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಕಲಿಸುವುದರಿಂದ ಆ ಸಲಹೆಗೆ ಕಾರಣವಿದ್ದೀತು. ಆದರೆ ಜರ್ಮನ್ ಒಂದಕ್ಷರವೂ ಬಾರದ ಭಾರತೀಯ ಗುರುಗಳಿಗೆ ಇಲ್ಲಿಯ ಧರ್ಮಕ್ಷೇತ್ರ ತನ್ನ ಖರ್ಚಿನಲ್ಲೇ ತಿಂಗಳುಗಟ್ಟಲೆ ಭಾಷೆ ಕಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹಳ್ಳಿಯ ಹುಡುಗನಿಗೆ ಇಂಗ್ಲಿಷ್ ಕಲಿಸಲು ಒಂದು ವರ್ಷ ತಮ್ಮ ನಿವಾಸದಲ್ಲೇ ಇರಿಸಿಕೊಳ್ಳುತ್ತೇನೆ ಎಂದು ಒಬ್ಬ ಧರ್ಮಾಧ್ಯಕ್ಷರು ಹೇಳಿದ್ದರೆ ಸಾಕಿತ್ತು.

ಮತ್ತೊಮ್ಮೆ ಅವನನ್ನು ಯಾರೂ ವಿಚಾರಿಸಲಿಲ್ಲ. ಈಗ ಅವನು ಐಟಿಐ ಓದುತ್ತಿದ್ದಾನೆ. ಉಪದೇಶಿ ಅಜ್ಜ ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬೇರೆಯವರನ್ನು ನೇಮಿಸಿಲ್ಲವಾದ್ದರಿಂದ, ಫಾದರ್ ಬಾರದ ಭಾನುವಾರ ನಮ್ಮ ಕೇರಿಯಲ್ಲಿ ವಾಚನ ಓದುವವನು ಅವನೇ.