ಹಾರ್ಲಿಕ್ಸ್ ಬಾಟ್ಲಿಯ ಪುಡಿ

ಹೋದ ಕಾರ್ತಿಕದ ಒಂದು ಸೋಮವಾರ, ರಾತ್ರಿ ಹನ್ನೊಂದೂವರೆ. ಊರಿಂದ ತಮ್ಮನ ಫೋನ್. "ಅಕ್ಕ, ಅಪ್ಪ ಏನೇನೋ ಮಾತಾಡ್ತಾವ್ರೆ. ಮೈಯೆಲ್ಲಾ ಬೆವರು. ಎತ್ತು ಕಟ್ಟಾಕಿದ್ಯೇನ್ಲಾ ಅಂತ ಕೇಳ್ತಾವ್ರೆ."

ನಮ್ಮ ಮನೆಯ ಎತ್ತು ಮಾರಿ 12 ವರ್ಷ ಆಯಿತು.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಊರು ಮದ್ದೂರಿನ ಹತ್ತಿರ. ಆಗಲೇ ಹೊರಟರೂ ಒಂದು ಗಂಟೆ ಮೇಲೆ ಬೇಕು. "ಮೊದ್ಲು ಶುಗರ್ ನೋಡು" ಅಂದೆ. ಗ್ಲುಕೋಮೀಟರ್ ನಾನೇ ಕೊಡಿಸಿದ್ದು. ಸ್ಟ್ರಿಪ್ಪಿಗೆ ದುಡ್ಡು ಜಾಸ್ತಿ ಅಂತ ಅಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ತಮ್ಮ ಬೀಗದ ಕೈ ಹುಡುಕುವಷ್ಟರಲ್ಲಿ ಅವ್ವ, ಗಾಳಿ ಸೋಕಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಆಗಿತ್ತು. ಬೆರಳು ಚುಚ್ಚಿ ನೋಡಿದರೆ 46. ಶುಗರ್ 70ಕ್ಕಿಂತ ಕೆಳಗೆ ಇಳಿದರೇ ಕಡಿಮೆ ಅಂತ ಲೆಕ್ಕ. 46 ಅಂದರೆ ಮಿದುಳಿಗೆ ಊಟ ಇಲ್ಲ. ಮಾರಿದ ಎತ್ತು ವಾಪಸ್ ಬರುವುದು ಆಗಲೇ.

"ಕುಡಿಯೋ ಅಷ್ಟು ಎಚ್ಚರ ಇದ್ಯಾ?" ಅಂತ ಕೇಳಿ, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸೋಕೆ ಹೇಳಿದೆ. 15 ನಿಮಿಷ ಬಿಟ್ಟು ನೋಡಿದರೆ 73. ಅಪ್ಪ ಸುತ್ತಮುತ್ತ ನೋಡಿ "ಇದ್ಯಾಕ್ರಪ್ಪ, ಎಲ್ಲಾ ಎದ್ದು ಕೂತಿದ್ದೀರಿ" ಅಂದರಂತೆ. 40 ವರ್ಷ ಫ್ಯಾಕ್ಟರಿಗೆ ಕಬ್ಬು ಹೊಡೆದ ಮನುಷ್ಯ. ಆ ರಾತ್ರಿ ಅರ್ಧ ಲೋಟ ಸಕ್ಕರೆ ನೀರು ಆ ಋಣ ತೀರಿಸಿತು.

ಬೆಳಗಿನ ಜಾವಕ್ಕೆ ನಾನು ಮಂಡ್ಯದ ಆಸ್ಪತ್ರೆ ತಲುಪಿದೆ. ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆ ಇದ್ದವರು. "ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಶುಗರ್ ಮಾತ್ರೆ ಇವೆರಡೇನಾ? ಬೇರೆ ಏನಾದ್ರೂ ತಗೋತಿದ್ದೀರಾ ಯಜಮಾನ್ರೇ?"

"ಏನಿಲ್ಲ ಸಾರ್."

"ಕಷಾಯ, ಪುಡಿ, ಏನಾದ್ರೂ?"

"ಏನೂ ಇಲ್ಲ."

ಅವ್ವ ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು. ಅವ್ವನಿಗೆ ಓದು ಬರಲ್ಲ. ಅಷ್ಟು ಹೊತ್ತು ಅವಳು ಕ್ಯಾಲೆಂಡರ್ ನೋಡಿದ್ದು ನೋಡಿಯೇ ನನಗೆ ಅನುಮಾನ ಬಂತು. ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. "ಅದೇ ಕಣವ್ವ, ಆ ಪುಡಿ" ಅಂದಳು. ಅಡಿಗೆಮನೆ ಅಟ್ಟದ ಮೇಲೆ, ಹಳೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಸಿರು ಮಿಶ್ರಿತ ಬೂದು ಬಣ್ಣದ ಪುಡಿ. ಆರು ವಾರದಿಂದ ಬೆಳಿಗ್ಗೆ ಸಂಜೆ ಒಂದೊಂದು ಚಮಚ. ಜೊತೆಗೆ ಮಾತ್ರೆಯೂ ನಡೆದಿದೆ. ಅದರ ಮೇಲೆ ಕಾರ್ತಿಕ ಸೋಮವಾರದ ಒಪ್ಪೊತ್ತು ಬೇರೆ.

ನನಗೆ ಬಂದ ಸಿಟ್ಟಿಗೆ, ಅಪ್ಪ ಮನೆಗೆ ಬಂದ ಮಾರನೇ ದಿನವೇ ಪುಡಿ ಕೊಟ್ಟವರ ಮನೆಗೆ ಹೋದೆ. ಪಕ್ಕದೂರಿನ ನಾಟಿ ವೈದ್ಯರು, ಎಪ್ಪತ್ತು ದಾಟಿದವರು. ಹಿತ್ತಲ ತುಂಬಾ ಗಿಡ. ನಾನು ಬಾಯಿ ತೆರೆದು ಜಗಳಕ್ಕೆ ನಿಲ್ಲುವ ಮೊದಲೇ ಅವರೇ ನನಗೆ ಬೈದರು. "ಮಾತ್ರೆ ಬಿಟ್ಟಿವ್ನಿ ಅಂತ ನಿಮ್ಮಪ್ಪನೇ ಅಂದಿದ್ದು. ತಗೋತಾ ಇವ್ನಿ ಅಂದಿದ್ರೆ ನಾನ್ಯಾಕೆ ಕೊಡ್ತಿದ್ದೆ?"

ಅಂದರೆ ಅಪ್ಪ ಡಾಕ್ಟರಿಗೆ ಪುಡಿ ಮುಚ್ಚಿಟ್ಟಿದ್ದರು, ವೈದ್ಯರಿಗೆ ಮಾತ್ರೆ ಮುಚ್ಚಿಟ್ಟಿದ್ದರು. ಇಬ್ಬರ ಹತ್ತಿರವೂ ಒಳ್ಳೆಯವರಾಗಿದ್ದರು.

ಪುಡಿಯಲ್ಲಿ ಏನಿದೆ ಅಂತ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದರು. ನೇರಳೆ ಬೀಜ, ಮೆಂತ್ಯ, ಹಾಗಲ, ಮಧುನಾಶಿನಿ. ಎದ್ದು ಹೋಗಿ ಮಧುನಾಶಿನಿ ಬಳ್ಳಿಯಿಂದ ಎರಡು ಎಲೆ ಕಿತ್ತು ತಂದು "ಅಗಿ" ಅಂದರು. ಕಹಿ, ಸ್ವಲ್ಪ ಒಗರು. ಚೆನ್ನಾಗಿ ಅಗಿದು ನಾಲಿಗೆ ತುಂಬಾ ಸವರಿಕೊಂಡ ಮೇಲೆ ಅವರ ಸೊಸೆ ಕೈಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಬಾಯಿಗೆ ಹಾಕಿಕೊಂಡೆ. ಮರಳು. ನಿಜಕ್ಕೂ ಮರಳು. ಹಲ್ಲಿಗೆ ಕರಕರ ಅನ್ನುತ್ತೆ, ಸಿಹಿ ಅನ್ನೋದು ಒಂದು ಚೂರೂ ಇಲ್ಲ. ಬೆಲ್ಲ ಕೊಟ್ಟಳು. ಅದೂ ಉಪ್ಪುಪ್ಪು ಮಣ್ಣಿನ ಹೆಂಟೆ ತಿಂದ ಹಾಗೆ. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಬೆಲ್ಲ ಸಪ್ಪೆ ಆಗೋದು ಅಂದರೆ ಭಯ ಆಗುತ್ತೆ ಕಣ್ರೀ. ಹೆಚ್ಚು ಕಡಿಮೆ ಅರ್ಧ ಗಂಟೆ ಆದ ಮೇಲೆ ನಾಲಿಗೆ ವಾಪಸ್ ಬಂತು. ಆ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ತಿಳಿಯುವ ಜಾಗಕ್ಕೆ ಹೋಗಿ ಕೂತುಬಿಡುತ್ತೆ. ಸಕ್ಕರೆಗೆ ಅಲ್ಲಿ ಸೀಟು ಸಿಗಲ್ಲ. ಹಿಂದಿಯವರು ಇದೇ ಗಿಡಕ್ಕೆ ಗುಡ್‌ಮಾರ್ ಅಂತಾರೆ, ಬೆಲ್ಲ ಕೊಲ್ಲೋದು ಅಂತ.

ಅಪ್ಪನಿಗೂ ಇದನ್ನೇ ತೋರಿಸಿದ್ದರಂತೆ. "ನಾಲ್ಗೇಲೇ ಸಕ್ಕರೆ ಸಾಯ್ತದೆ, ಇನ್ನು ರಕ್ತದಲ್ಲಿ ಉಳೀತದಾ" ಅಂತ ಅಪ್ಪ ಲೆಕ್ಕ ಹಾಕಿದ್ದಾರೆ. ನಾಲಿಗೆಗೆ ತಿಳಿಯದೆ ಇದ್ದ ಸಕ್ಕರೆ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರೇ ಸೇರುತ್ತೆ, ಅದು ಬೇರೆ ಮಾತು. ಆದರೆ ಈ ಗಿಡಕ್ಕೆ ರಕ್ತದ ಸಕ್ಕರೆಯನ್ನೂ ಒಂದಿಷ್ಟು ಇಳಿಸುವ ಗುಣ ಇದೆ. ಗ್ಲಿಮೆಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ತಿವಿದು ಇನ್ಸುಲಿನ್ ಹೊರಡಿಸುತ್ತೆ. ನಾವು ಊಟ ಮಾಡಿದ್ದೀವಾ ಇಲ್ವಾ ಅಂತ ಅದು ಕೇಳಲ್ಲ. ಅದರ ಕೆಲಸ ಹೆಚ್ಚು ಕಡಿಮೆ ಒಂದು ದಿನ ಇರುತ್ತೆ. ಸಕ್ಕರೆ ನೀರು ಕುಡಿದು ಸರಿಹೋದ ಮೇಲೂ ಡಾಕ್ಟರು ಒಂದು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದು ಅದಕ್ಕೇ. ಮಾತ್ರೆ, ಪುಡಿ, ಒಪ್ಪೊತ್ತು, ಮೂರೂ ಒಂದೇ ಕಡೆ ಎಳೆದವು.

ನಾನು ಇಷ್ಟುದ್ದ ಬರೆಯೋಕೆ ಕೂತಿದ್ದು ಇದಾದ ಮೇಲೆ ನಮ್ಮ ನೆಂಟರ ಗ್ರೂಪಿನಲ್ಲಿ ನಡೆದ ಜಗಳಕ್ಕೆ. ಒಂದು ಗುಂಪು "ನಾಟಿ ಔಷಧಿಗೆ ಸೈಡ್ ಎಫೆಕ್ಟ್ ಇಲ್ಲ, ಇದು ಇಂಗ್ಲಿಷ್ ಮಾತ್ರೆಯದ್ದೇ ಕೆಲಸ" ಅಂತು. ಬೆಂಗಳೂರಲ್ಲಿರುವ ಸಾಫ್ಟ್‌ವೇರ್ ಗುಂಪು "ಎಲ್ಲಾ ಬೂಟಾಟಿಕೆ, ಸೊಪ್ಪು ಸದೆ ತಿಂದ್ರೆ ಏನಾಗುತ್ತೆ" ಅಂತು. ಎರಡೂ ಗುಂಪು ಒಂದೇ ಮಾತು ಹೇಳ್ತಿದೆ, ಗಮನಿಸಿದ್ರಾ? ಗಿಡಮೂಲಿಕೆ ಮೈಯೊಳಗೆ ಹೋಗಿ ಏನೂ ಮಾಡಲ್ಲ ಅಂತ. ಅಪ್ಪನ ಪುಡಿ ಕೆಲಸ ಮಾಡಿತ್ತು. ಅಪಾಯ ಆಗಿದ್ದೇ ಅದರಿಂದ.

ಅಪ್ಪನ ಮೆಟ್‌ಫಾರ್ಮಿನ್‌ನ ವಂಶ ಹುಡುಕಿಕೊಂಡು ಹೋದರೆ ಗಲೇಗಾ ಅನ್ನೋ ಯುರೋಪಿನ ಗಿಡ ಸಿಗುತ್ತೆ. ಅದರೊಳಗಿನ ಪದಾರ್ಥಕ್ಕೆ ಸಕ್ಕರೆ ಇಳಿಸುವ ಶಕ್ತಿಯೂ ಇತ್ತು, ವಿಷವೂ ಇತ್ತು. ಆ ಜಾತಿಯ ಪದಾರ್ಥಗಳ ಮೇಲೆ ಕೆಲಸ ಮಾಡುತ್ತಾ ಮಾಡುತ್ತಾ ಮೆಟ್‌ಫಾರ್ಮಿನ್ ಬಂತು. ಸಕ್ಕರೆ ಕಾಯಿಲೆಯವರಿಗೆ ಅದನ್ನು ಕೊಟ್ಟು ನೋಡಿದ ಫ್ರಾನ್ಸಿನ ಡಾಕ್ಟರು 1957ರಲ್ಲಿ ಬರೆದರು. ನಮ್ಮದೇ ಸರ್ಪಗಂಧದ ಕತೆಯೂ ಹಾಗೇ. ಮುಂಬೈನ ರುಸ್ತುಂ ಜಾಲ್ ವಕೀಲ್ ಅನ್ನೋ ಹೃದಯದ ಡಾಕ್ಟರು, ಆ ಬೇರು ಬಿಪಿ ಇಳಿಸುತ್ತೆ ಅಂತ 1949ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರಿಂದ ರಿಸರ್ಪಿನ್ ಅನ್ನೋ ಬಿಪಿ ಔಷಧಿ ತೆಗೆದರು. ಲೋಕವೆಲ್ಲಾ ನುಂಗಿತು. ಆಮೇಲೆ ಕೆಲವರಿಗೆ ಮೂಗು ಕಟ್ಟೋದು, ಮನಸ್ಸು ಕುಗ್ಗೋದು ಶುರುವಾಗಿ ಡಾಕ್ಟರುಗಳು ಬೇರೆ ಮಾತ್ರೆಗೆ ಹೋದರು. ಗಿಡದ್ದು ಅಂತ ಬೇರು ಏನೂ ರಿಯಾಯಿತಿ ಕೊಡಲಿಲ್ಲ.

ಗಂಟಲು ಕೆರೆತಕ್ಕೆ ಅಗಿಯುವ ಅತಿಮಧುರ ಗೊತ್ತಲ್ಲ, ದೇವರಾಜ ಮಾರ್ಕೆಟ್ ಕಡೆ ಯಾವ ಗ್ರಂಥಿಗೆ ಅಂಗಡಿಯಲ್ಲಾದರೂ ಸಿಗುತ್ತೆ. ದಿನಾ ಜಾಸ್ತಿ ಅಗಿದರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ಕೊರೊನಾ ಕಾಲದಲ್ಲಿ ಮೈಸೂರಲ್ಲಿ ಅಮೃತಬಳ್ಳಿ ಕಷಾಯ ಕುಡಿಯದ ಮನೆ ಎಷ್ಟಿತ್ತು ಹೇಳಿ? 2021ರಲ್ಲಿ ಮುಂಬೈನ ಲಿವರ್ ಡಾಕ್ಟರುಗಳು, ಅಮೃತಬಳ್ಳಿ ತಗೊಂಡ 6 ಜನರ ಲಿವರ್ ಕೆಟ್ಟಿದ್ದನ್ನು ಬರೆದರು. ಕೇಂದ್ರದ ಆಯುಷ್ ಸಚಿವಾಲಯ, ಅದು ಬೇರೆ ಜಾತಿಯ ಬಳ್ಳಿ ಇರಬೇಕು ಅಂತು. ಬೇರೆ ಜಾತಿಯದ್ದೇ ಇರಲಿ, ಕಾಂಪೌಂಡಿಂದ ಕಿತ್ತುಕೊಂಡು ಬರುವ ನಮಗೆ ಯಾವ ಬಳ್ಳಿ ಯಾವುದು ಅಂತ ತಿಳಿಯುತ್ತಾ? ಹೋಮಿಯೋಪತಿ ವಿಷಯ ಇಲ್ಲಿ ಎತ್ತಲ್ಲ. ಅದಕ್ಕೆ ಬೇರೆ ದಿನ ಜಗಳ ಆಡೋಣ.

ಏನೂ ಮಾಡದ ಔಷಧಿಯೂ ಇದೆ. ನಮ್ಮ ದೊಡ್ಡಮ್ಮನಿಗೆ ಪಕ್ಕೆಯಲ್ಲಿ ಸರ್ಪಸುತ್ತು ಆಗಿತ್ತು. ಕೆಮ್ಮಣ್ಣು ಕಲಸಿ ಹಚ್ಚಿಸಿಕೊಂಡು ಬಂದರು. ಹಾವಿನ ತಲೆಯೂ ಬಾಲವೂ ಸೇರಿಕೊಂಡರೆ ಜೀವ ಹೋಗುತ್ತೆ ಅನ್ನುವ ಹೆದರಿಕೆ ಇದೆಯಲ್ಲ, ಅದನ್ನು ತಡೆಯೋಕೆ. ಸಾಮಾನ್ಯವಾಗಿ ಅದು ಸೇರುವುದೇ ಇಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ನರದಲ್ಲಿ ಅವಿತಿದ್ದು ಮತ್ತೆ ಏಳುತ್ತೆ. ಆ ನರ ಮೈಯ ಒಂದು ಬದಿಗೆ ಮಾತ್ರ ಹೋಗುತ್ತೆ, ಬೆನ್ನಿನ ನಡುಗೆರೆಯಿಂದ ಎದೆಯ ನಡುಗೆರೆವರೆಗೆ. ಗುಳ್ಳೆ ಅಲ್ಲೇ ನಿಲ್ಲುತ್ತೆ. ಮೂರು ವಾರಕ್ಕೆ ಒಣಗಿತು, ಕೆಮ್ಮಣ್ಣಿಗೆ ಹೆಸರು ಬಂತು. ಉರಿನೋವು ವರ್ಷ ಕಳೆದರೂ ಹೋಗಲಿಲ್ಲ, ಅದು ದೊಡ್ಡಮ್ಮನ ಹಣೆಬರಹ ಆಯಿತು. ವೈರಸ್ಸಿನ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಅವರು ಡಾಕ್ಟರ ಹತ್ತಿರ ಹೋಗಿದ್ದು ಒಂಬತ್ತನೇ ದಿನ. ಕೆಮ್ಮಣ್ಣು ಹಚ್ಚಿಕೊಂಡೇ ಎರಡನೇ ದಿನ ಹೋಗಬಹುದಿತ್ತು. ಬೈತಾರೆ ಅಂತ, ಅದು ಪೂರಾ ಉದುರಲಿ ಅಂತ ಕಾದರು.

ಬೈತಾರೆ. ಎಲ್ಲಾ ಇಲ್ಲಿಗೇ ಬಂದು ನಿಲ್ಲುತ್ತೆ. ಅಪ್ಪ ಯಾಕೆ ಮುಚ್ಚಿಟ್ಟರು ಅಂತ ಕೇಳಿದ್ದಕ್ಕೆ ಹೇಳಿದರು. ನಾಲ್ಕು ವರ್ಷದ ಹಿಂದೆ ಒಂದು ಕ್ಲಿನಿಕ್ಕಿನಲ್ಲಿ, ಹಾಗಲಕಾಯಿ ರಸ ಕುಡೀತೀನಿ ಅಂದಿದ್ದಕ್ಕೆ "ಹಾಗಾದ್ರೆ ಅದನ್ನೇ ಕುಡ್ಕೊಂಡಿರಿ, ಇಲ್ಲಿಗ್ಯಾಕೆ ಬಂದ್ರಿ" ಅಂದಿದ್ದರಂತೆ, ಹತ್ತು ಜನ ರೋಗಿಗಳ ಎದುರಿಗೆ. ಅವತ್ತಿಂದ ಅಪ್ಪ ಯಾವ ಡಾಕ್ಟರಿಗೂ ಏನೂ ಹೇಳಿಲ್ಲ. ಆ ಒಂದು ಮಾತಿಗೆ ನಾವು ಕೊಟ್ಟ ಬೆಲೆ 46.

ಅದಕ್ಕೆ ಎದುರಾದ ಅನುಭವ ನನಗೆ ಮೈಸೂರಲ್ಲೇ ಆಯಿತು. ಯೂಟ್ಯೂಬ್ ನೋಡಿ ಪದ್ಮಾಸನ ಹಾಕೋಕೆ ಹೋಗಿ ಮಂಡಿ ಹಿಡಿಸಿಕೊಂಡಿದ್ದೆ. ಯೋಗಕ್ಕೂ ಸೈಡ್ ಎಫೆಕ್ಟ್ ಇಲ್ಲ ಅಂತಾರಲ್ಲ, ಅದಕ್ಕೆ ಈ ಮಂಡಿ ಸಾಕ್ಷಿ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಪಾಠ ಹೇಳಿದ ಊರಲ್ಲಿದ್ದುಕೊಂಡು, ಪಟ್ಟಾಭಿ ಜೋಯಿಸರ ಶಿಷ್ಯರಾಗೋಕೆ ಪರದೇಶದವರು ಗೋಕುಲಂಗೆ ಬಂದು ರೂಮು ಮಾಡುತ್ತಿದ್ದ ಊರಲ್ಲಿದ್ದುಕೊಂಡು, ನಾನು ಮೊಬೈಲ್ ನೋಡಿ ಕಾಲು ಮಡಚಿದೆ. ಆಯುರ್ವೇದದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಯಾವ ಯಾವ ಮಾತ್ರೆ ನಡೀತಿದೆ? ಶೀಟ್ ತೋರ್ಸಿ." ಥೈರಾಯ್ಡ್ ಮಾತ್ರೆಯ ಹೆಸರು, ಎಷ್ಟು ಮೈಕ್ರೋಗ್ರಾಂ, ಎಲ್ಲಾ ಬರೆದುಕೊಂಡೇ ಮುಂದಿನ ಮಾತು.

ಮಂಡಿಗೆ ಜಾನುಬಸ್ತಿ ಮಾಡಿದರು. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಕೋಡುಬಳೆ ಥರ ಹೊಸೆದು, ಮಂಡಿ ಸುತ್ತ ಕಟ್ಟೆ ಕಟ್ಟುತ್ತಾರೆ. ಸಂದಿಯಲ್ಲಿ ಸೋರದ ಹಾಗೆ ಒದ್ದೆ ಬೆರಳಲ್ಲಿ ಸವರಿ, ಒಳಗೆ ಬೆಚ್ಚಗಿನ ಎಣ್ಣೆ ಹುಯ್ಯುತ್ತಾರೆ. ಆರಿದರೆ ಹತ್ತಿಯಲ್ಲಿ ಅದ್ದಿ ತೆಗೆದು, ಮತ್ತೆ ಕಾಯಿಸಿ ಹುಯ್ಯುತ್ತಾರೆ. ಅರ್ಧ ಗಂಟೆ ಅಲುಗಾಡುವ ಹಾಗಿಲ್ಲ. ನೋವು ಇಳಿಯಿತು. ಎಣ್ಣೆಯ ಗುಣವೋ, ಬಿಸಿಯೋ, ಅರ್ಧ ಗಂಟೆ ಮನೆಕೆಲಸ ಬಿಟ್ಟು ಸುಮ್ನೆ ಮಲಗಿದ್ದೋ, ನನಗೆ ಮೂರೂ ಇಷ್ಟವಾದವು.

ನಾಲ್ವಡಿಯವರ ಕಾಲದಲ್ಲಿ, 1908ರಲ್ಲಿ, ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಶುರುವಾಯಿತು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರು ಮೆಡಿಕಲ್ ಕಾಲೇಜೂ ಹುಟ್ಟಿತು. ಮೊದಲು ಬೆಂಗಳೂರಲ್ಲಿ, 1930ರಿಂದ ಇಲ್ಲಿ. ಸಯ್ಯಾಜಿರಾವ್ ರಸ್ತೆ ಕಡೆಯ ಆಯುರ್ವೇದ ಆಸ್ಪತ್ರೆಯಿಂದ ಮೆಡಿಕಲ್ ಕಾಲೇಜಿನ ಕೆ.ಆರ್. ಆಸ್ಪತ್ರೆಗೆ ನಡೆದೇ ಹೋಗಬಹುದು. ಇಲ್ಲಿಂದ ಅಲ್ಲಿಗೆ ಹೋಗುವ ರೋಗಿಗಳು ಎಷ್ಟೋ ಜನ. ದಾರಿಯಲ್ಲಿ ಚೀಟಿ ಮಡಚಿ ಜೇಬಿನ ಒಳಗೆ ತಳ್ಳಿಕೊಳ್ಳೋದು ಯಾಕೆ ಅನ್ನೋದೇ ನನ್ನ ಪ್ರಶ್ನೆ.

ಇನ್ನು ಟಿವಿಯಲ್ಲಿ, ಫೋನಿನಲ್ಲಿ "ಶುಗರ್ ಬುಡಸಮೇತ ಹೋಗುತ್ತೆ" ಅನ್ನುವವರ ಬಗ್ಗೆ ನನಗೆ ಕರುಣೆ ಇಲ್ಲ. ಹಾಗೆ ಜಾಹೀರಾತು ಕೊಡೋದು ತಪ್ಪು ಅಂತ 1954ರಲ್ಲೇ ಕೇಂದ್ರ ಸರ್ಕಾರ ಕಾಯ್ದೆ ಮಾಡಿದೆ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದೆ, ಕ್ಯಾನ್ಸರ್ ಇದೆ, ಉದ್ದ ಬೆಳೆಸುತ್ತೀವಿ ಅನ್ನೋದೂ ಇದೆ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಔಷಧಿ ಪರೀಕ್ಷೆ ಮಾಡಿದರೆ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಹಿತ್ತಲಲ್ಲಿ ಗಿಡ ಬೆಳೆದು, ಏನು ಹಾಕಿದೆ ಅಂತ ಬಾಯಿಬಿಟ್ಟು ಹೇಳುವ ಮುದುಕರನ್ನೂ ಇವರನ್ನೂ ನಾನು ಒಂದೇ ಸಾಲಲ್ಲಿ ಕೂರಿಸಲ್ಲ.

ಈಗ ಮನೆಯಲ್ಲಿ ಒಂದು ಹಾಳೆ ಮಾಡಿದ್ದೀವಿ. ತಮ್ಮನ ಕೈಬರಹ. ಅಪ್ಪ ಬಾಯಿಗೆ ಹಾಕಿಕೊಳ್ಳುವ ಎಲ್ಲಾ ಔಷಧಿ, ಮಾತ್ರೆ, ಕಷಾಯ, ಕೊನೆಗೆ ಮಜ್ಜಿಗೆಗೆ ಹಾಕುವ ಮೆಂತ್ಯವೂ ಅದರಲ್ಲಿದೆ. ಡಾಕ್ಟರು ಪುಡಿ ನಿಲ್ಲಿಸಿ, ಮಾತ್ರೆ ಕಡಿಮೆ ಮಾಡಿದರು. ಅಪ್ಪನಿಗೆ ಅದು ಪುಡಿಯ ಗೆಲುವೇ.

ಹೋದ ತಿಂಗಳು ಚೆಕಪ್ಪಿಗೆ ನಾನೂ ಹೋಗಿದ್ದೆ. ಡಾಕ್ಟರು ಕೇಳುವ ಮೊದಲೇ ಅಪ್ಪ ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಡಾಕ್ಟರು ಓದುತ್ತಾ ಓದುತ್ತಾ ಕೊನೆಯ ಸಾಲಿಗೆ ಬಂದು ನಿಂತರು. ಅದು ಅಪ್ಪನದೇ ಸೊಟ್ಟ ಅಕ್ಷರ.

"ಅತಿಮಧುರ. ಬೀಡಿ ಬಿಡಕ್ಕೆ."

ಅಪ್ಪ ಬೀಡಿ ಸೇದುತ್ತಾರೆ ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಅವ್ವನ ಕಡೆ ತಿರುಗಿದೆ. ಅವ್ವ ಕ್ಯಾಲೆಂಡರ್ ನೋಡುತ್ತಿದ್ದಳು.