ಹಬ್ಬ ಮಕ್ಕಳ ಕೈಗೆ ಬರಲಿ

ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಹಬ್ಬಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ಇದು ನನ್ನ ಗಟ್ಟಿ ನಂಬಿಕೆ. ಹಬ್ಬದಲ್ಲಿ ಎಣಿಸೋದು ಇದೆ, ಅಳೆಯೋದು ಇದೆ, ಹಂಚೋದು ಇದೆ, ಹೇಳೋಕೆ ಕಥೆ ಇದೆ. ಕೈಗೆ ಕೆಲಸವೂ ಇದೆ, ಬಾಯಿಗೆ ರುಚಿಯೂ ಇದೆ. ಆದರೆ ನಮ್ಮ ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಹಬ್ಬವನ್ನು ಮಕ್ಕಳ ಕೈಯಿಂದ ತೆಗೆದು ಅಪ್ಪ ಅಮ್ಮಂದಿರ ಕೈಗೆ ಕೊಟ್ಟಿದ್ದೇವೆ. ಅಲ್ಲಿಂದ ಅದು ಸೀದಾ ಫೋಟೋಗೆ ಹೋಗುತ್ತದೆ. ಇದನ್ನು ನೋಡಿ ನೋಡಿ ಬೇಜಾರಾಗಿದೆ. ಅದಕ್ಕೇ ಇವತ್ತು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳು ಒಂದು ಖಾಸಗಿ ಶಾಲೆಯಲ್ಲಿ ಎರಡನೇ ಕ್ಲಾಸು. ನಮ್ಮಕ್ಕ ಊರಿನ ಇನ್ನೊಂದು ಮೂಲೆಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಹಾಗಾಗಿ ಎರಡೂ ಕಡೆಯ ಹಬ್ಬಗಳನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ.

ಮೊದಲು ನಮ್ಮ ಕಡೆಯದು. ರಾತ್ರಿ ಹೊತ್ತು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ. ನಾಳೆ ಹಳದಿ ಬಟ್ಟೆ, ಹಳದಿ ಹಣ್ಣು. ಮುಂದಿನ ವಾರ ಕೃಷ್ಣನ ವೇಷ. ಅದಾದ ಮೇಲೆ ಸ್ವಾತಂತ್ರ್ಯ ಹೋರಾಟಗಾರರ ವೇಷ, ಜೊತೆಗೆ ಎರಡು ಸಾಲು ಮಾತು. ಕೆಲಸ ಮುಗಿಸಿ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ಅಮ್ಮ ಅಲ್ಲಿಂದಲೇ ಬಾಡಿಗೆ ಡ್ರೆಸ್ಸಿನ ಅಂಗಡಿಗೆ ಫೋನ್ ಮಾಡುತ್ತಾಳೆ. ಬೆಳಿಗ್ಗೆ ಮಗುವಿಗೆ ಚುಚ್ಚುವ ಜರಿ ಬಟ್ಟೆ, ಜಾರುವ ಕಿರೀಟ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆಮೇಲೆ ಯೂನಿಫಾರ್ಮ್. ಅಲ್ಲಿಗೆ ಹಬ್ಬ ಮುಗಿಯಿತು.

ಕಿತ್ತೂರು ಚೆನ್ನಮ್ಮನ ವೇಷ ಹಾಕಿದ ಆರು ವರ್ಷದ ಹುಡುಗಿಗೆ ಚೆನ್ನಮ್ಮ ಯಾರು ಅಂತ ಹೇಳಿರುವುದಿಲ್ಲ. ಹೇಳಲು ಎಷ್ಟು ಹೊತ್ತು ಬೇಕು? ಒಂದು ಚಿಕ್ಕ ಸಂಸ್ಥಾನ ಇತ್ತು. ರಾಜ ತೀರಿಕೊಂಡ, ಸ್ವಂತ ಮಕ್ಕಳಿಲ್ಲ, ದತ್ತು ತೆಗೆದುಕೊಂಡ ಮಗನನ್ನು ಬ್ರಿಟಿಷ್ ಕಂಪನಿ ಒಪ್ಪಲಿಲ್ಲ. ರಾಣಿ ಬಗ್ಗಲಿಲ್ಲ. 1824ರಲ್ಲಿ ಅವರ ಸೈನ್ಯದ ಎದುರು ನಿಂತಳು. ಈ ಕಥೆಯನ್ನು ನೆಲದ ಮೇಲೆ ಕೂತು ಹೇಳಿ ನೋಡಿ, ಮಕ್ಕಳು ಕಣ್ಣು ಮಿಟುಕಿಸದೆ ಕೇಳುತ್ತಾರೆ. ಆಮೇಲೆ ಅವರೇ ರಟ್ಟಿನ ಕತ್ತಿ ಮಾಡಿಕೊಳ್ಳಲಿ. ಅದು ಸೊಟ್ಟಗಿರುತ್ತದೆ, ಇರಲಿ ಬಿಡಿ. ಅವರದೇ ಕತ್ತಿ ಅಲ್ವಾ?

ವಾರ್ಷಿಕೋತ್ಸವದ ವಿಷಯ ಇನ್ನೂ ಬೇಸರದ್ದು. ವಾರಗಟ್ಟಲೆ ಪಾಠ ನಿಲ್ಲಿಸಿ ಒಂದೇ ಸಿನಿಮಾ ಹಾಡಿಗೆ ಡ್ಯಾನ್ಸ್ ಪ್ರಾಕ್ಟೀಸ್. ಚೆನ್ನಾಗಿ ಕುಣಿಯುವವರು ಮುಂದಿನ ಸಾಲು, ಹೆಜ್ಜೆ ತಪ್ಪುವವರು ಹಿಂದಿನ ಸಾಲು. ಏಳು ವರ್ಷಕ್ಕೇ ಮಗುವಿಗೆ ತನ್ನ ಸಾಲು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಇದನ್ನು ನನಗೆ ಒಪ್ಪಿಕೊಳ್ಳಲು ಆಗುವುದೇ ಇಲ್ಲ. ಟೀಚರ್‌ಗಳನ್ನು ದೂರಲು ನಾನು ತಯಾರಿಲ್ಲ. ಮೇಲಿನವರಿಗೆ ಅಡ್ಮಿಷನ್ ಬೇಕು, ಪೋಷಕರಿಗೆ ವಿಡಿಯೋ ಬೇಕು. ನಡುವೆ ಸಿಕ್ಕಿಕೊಂಡವರು ಅವರು.

ಈಗ ಅಕ್ಕನ ಕ್ಲಾಸಿಗೆ ಬರುತ್ತೇನೆ.

ನಲಿ-ಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ. ಆಂಧ್ರದ ರಿಷಿವ್ಯಾಲಿ ಸುತ್ತಲಿನ ಹಳ್ಳಿ ಶಾಲೆಗಳ ರೀತಿಯನ್ನು ನಮ್ಮ ಸರ್ಕಾರಿ ಶಿಕ್ಷಕರು ನೋಡಿಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಕಾರ್ಡುಗಳಿವೆ, ಗೋಡೆಯ ಮೇಲೆ ಕಲಿಕೆಯ ಏಣಿ ಇದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಮುಂದೆ ಹೋಗುತ್ತದೆ. ಅಕ್ಷರಗಳು ಅ, ಆ, ಇ, ಈ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸಾಕು. ಸರ, ರಸ, ದರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಮಗುವಿಗೆ ಓದು ಬಂತು ಅನ್ನುವ ಖುಷಿ ಬೇಗ ಸಿಗುತ್ತದೆ. ಗೋಡೆಯುದ್ದಕ್ಕೂ ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ ಕಪ್ಪು ಹಲಗೆ. ತಲೆಯ ಮೇಲೆ ದಾರದ ಚಪ್ಪರ. ಅದಕ್ಕೆ ಮಕ್ಕಳು ಮಾಡಿದ್ದು, ಬರೆದದ್ದು ತೂಗುಹಾಕುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ಮೂರು ಕ್ಲಾಸಿಗೆ ಒಬ್ಬರೇ ಟೀಚರ್. ದಾಖಲೆ ಬರೆಯುವ ಕೆಲಸ ಬೇರೆ. ಎಲ್ಲ ಕಡೆ ಇದು ಒಂದೇ ಥರ ಚೆನ್ನಾಗಿ ನಡೆಯುತ್ತಿದೆ ಅಂತ ನಾನು ಹೇಳುವುದಿಲ್ಲ. ಆದರೆ ಹಬ್ಬ ಬಂದಾಗ ಈ ಕೋಣೆ ಹೇಗಿರುತ್ತದೆ ಅಂತ ನೀವೊಮ್ಮೆ ನೋಡಬೇಕು.

ಸಂಕ್ರಾಂತಿ ಅಂದುಕೊಳ್ಳಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ. ಐದು ಗುಂಪು, ಐದು ತಟ್ಟೆ. ಬೆಲ್ಲ, ಕೊಬ್ಬರಿ ಹೆಚ್ಚುವ ಕೆಲಸ ಅಕ್ಕನದು. ಹುರಿದ ಬೀಜದ ಸಿಪ್ಪೆ ಉಜ್ಜಿ ತೆಗೆದು ಊದುವುದು ಮಕ್ಕಳದು. ಕೋಣೆ ತುಂಬ ಸಿಪ್ಪೆ ಹಾರುತ್ತದೆ, ಅವರಿಗೆ ಅದೇ ಸಂಭ್ರಮ. ಆಮೇಲೆ ಲೆಕ್ಕ. ಎಳ್ಳು ಒಂದು ಲೋಟ ಹಾಕಿದರೆ ಬೆಲ್ಲ ಎಷ್ಟು ಹಾಕೋಣ? ಕಲಸಿ, ರುಚಿ ನೋಡಿ, ಸಿಹಿ ಸಾಲದು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಾರೆ. ಪೊಟ್ಟಣ ಕಟ್ಟುವುದು ಸುಮ್ನೆ ಅಲ್ಲ. ಬೆರಳಿಗೆ ಹಿಡಿತ ಬರದೆ ಪೆನ್ಸಿಲ್ ಸರಿಯಾಗಿ ಹಿಡಿಯಲು ಬರುವುದಿಲ್ಲ. ಮಣ್ಣು ಕಲಸುವುದು, ಹೂ ಕಟ್ಟುವುದು, ಪೇಪರ್ ಮಡಿಸುವುದು ಎಲ್ಲ ಬರವಣಿಗೆಗೆ ತಯಾರಿಯೇ. 26 ಪೊಟ್ಟಣ ಆಗಿವೆ, ಪಕ್ಕದ ಕ್ಲಾಸಿನಲ್ಲಿ 31 ಮಕ್ಕಳಿದ್ದಾರೆ, ಇನ್ನೆಷ್ಟು ಬೇಕು? ಇದೇ ಲೆಕ್ಕವನ್ನು ಹಲಗೆ ಮೇಲೆ ಬರೆದು ಕೊಟ್ಟರೆ ಅರ್ಧ ಕ್ಲಾಸು ಕಿಟಕಿ ಕಡೆ ನೋಡುತ್ತದೆ. ಇಲ್ಲಿ ಉತ್ತರ ತಪ್ಪಿದರೆ ಯಾರಿಗೋ ಎಳ್ಳುಬೆಲ್ಲ ಸಿಗುವುದಿಲ್ಲ. ಅದಕ್ಕೇ ಎಲ್ಲರೂ ಬೆರಳು ಮಡಿಸಿ ಎಣಿಸುತ್ತಾರೆ.

ರಂಗೋಲಿಯೂ ಹಾಗೇ. ನಡುವೆ 5 ಚುಕ್ಕಿ, ಮೇಲೆ ಕೆಳಗೆ ಸಂದು ಚುಕ್ಕಿ 3ರವರೆಗೆ, ಅಂದರೆ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ 4, ಆಮೇಲೆ 3. ಇಡುವ ಮೊದಲೇ ಒಟ್ಟು ಎಷ್ಟು ಚುಕ್ಕಿ ಆಗಬಹುದು ಅಂತ ಊಹೆ ಮಾಡಿಸುತ್ತಾಳೆ. ಒಬ್ಬ 15 ಅಂದ, ಒಬ್ಬಳು 20 ಅಂದಳು. ಇಟ್ಟು ಎಣಿಸಿದರೆ 19. ಗಂಡು ಮಕ್ಕಳು ರಂಗೋಲಿ ಹಾಕೋದಿಲ್ಲ ಅನ್ನುವ ಮಾತು ಆ ಕೋಣೆಯಲ್ಲಿ ನಡೆಯುವುದಿಲ್ಲ, ಅದೂ ನನಗೆ ತುಂಬಾ ಇಷ್ಟ.

ಎಲ್ಲಕ್ಕಿಂತ ಮುಖ್ಯವಾದದ್ದು ಹಬ್ಬದ ಮರುದಿನ ನಡೆಯುತ್ತದೆ. ಮಕ್ಕಳು ಸುತ್ತ ಕೂತು ನಿನ್ನೆ ಏನಾಯಿತು ಅಂತ ಹೇಳುತ್ತಾರೆ. ಅಕ್ಕ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ದೊಡ್ಡ ಚಾರ್ಟಿನ ಮೇಲೆ ಬರೆಯುತ್ತಾಳೆ. "ನಾನು ಸಿಪ್ಪೆ ಊದಿದೆ. ಮೂಗಿಗೆ ಹೋಯಿತು." ಯಾರ ವಾಕ್ಯವೋ ಅವರೇ ಮೊದಲು ಬೆರಳಿಟ್ಟು ಓದಬೇಕು. ಆಮೇಲೆ ಎಲ್ಲರೂ. ಓದಲು ಇನ್ನೂ ಬಾರದ ಮಗುವಿಗೂ ತಾನು ಹೇಳಿದ್ದು ಏನು ಅಂತ ಗೊತ್ತಿರುತ್ತದೆ. ಹಾಗಾಗಿ ಅಕ್ಷರದ ಮೇಲೆ ಬೆರಳು ಹೋಗುವಾಗ ಭಯ ಇರುವುದಿಲ್ಲ. ಬಾಯಿಂದ ಬಂದ ಮಾತೇ ಹೀಗೆ ಅಕ್ಷರವಾಗಿ ಕೂರುತ್ತದೆ ಅಂತ ಮಗುವಿಗೆ ಹೊಳೆಯುವ ಗಳಿಗೆ ಇದೆಯಲ್ಲ, ಓದು ಶುರುವಾಗುವುದೇ ಅಲ್ಲಿಂದ. ಆ ಚಾರ್ಟುಗಳನ್ನು ಮಕ್ಕಳು ವರ್ಷವಿಡೀ ಮತ್ತೆ ಮತ್ತೆ ಓದುತ್ತಿರುತ್ತಾರೆ, ಊಟದ ಬಿಡುವಿನಲ್ಲೂ.

ರಾಜ್ಯೋತ್ಸವದ ಒಂದು ಸಂಗತಿ ಹೇಳಲೇಬೇಕು. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರಿದ್ದಾರೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಆಡುವವರಿದ್ದಾರೆ. ಕಲಬುರಗಿ ಕಡೆಯ ಒಬ್ಬ ಹುಡುಗ ಕ್ಲಾಸಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅವನ ಕನ್ನಡ ಕೇಳಿ ಉಳಿದವರು ನಗುತ್ತಿದ್ದರು. ಆ ನವೆಂಬರ್‌ನಲ್ಲಿ ಅಕ್ಕ ಎಲ್ಲರಿಗೂ ನಿಮ್ಮೂರಿನ ಹಬ್ಬ ಹೇಳಿ ಅಂದಳು. ಅವನ ಸರದಿ ಬಂತು. "ಎಳ್ಳಮಾಸಿಗೆ ಬಂಡಿ ಕಟ್ಕೊಂಡು ಹೊಲಕ್ಕ ಹೋಗ್ತೀವ್ರಿ ಟೀಚರ್. ಚರಗ ಚೆಲ್ತೀವ್ರಿ. ಅಲ್ಲೇ ಕುಂತು ಉಣ್ತೀವ್ರಿ." ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆ, ಚರಗ ಅಂದರೆ ಹೊಲಕ್ಕೆ ಚೆಲ್ಲುವ ನೈವೇದ್ಯ. ಎತ್ತಿನ ಬಂಡಿಯಲ್ಲಿ ಕೂತಿದ್ದೀಯಾ, ಅಂತ ಇಡೀ ಕ್ಲಾಸು ಬಾಯಿ ತೆರೆದು ಕೇಳಿತು. ಇಲ್ಲಿ ಯಾರೂ ಕೂತವರಲ್ಲ. ಅವತ್ತು ಅವನ ಮಾತು ನಿಲ್ಲಲೇ ಇಲ್ಲವಂತೆ. 1956ರ ನವೆಂಬರ್ 1ರಂದು ಹಳೇ ಮೈಸೂರು, ಕೊಡಗು, ಮುಂಬೈ ಪ್ರಾಂತ್ಯದ ಜಿಲ್ಲೆಗಳು, ಹೈದರಾಬಾದಿನ ಜಿಲ್ಲೆಗಳು ಎಲ್ಲ ಒಂದಾದವು. ಅದು ಆರು ವರ್ಷದ ಮಗುವಿಗೆ ಇಸವಿಯಿಂದ ಅರ್ಥ ಆಗುವುದಿಲ್ಲ. ಪಕ್ಕದಲ್ಲಿ ಕೂತ ಗೆಳೆಯನ ಹೊಲದಿಂದ ಅರ್ಥ ಆಗುತ್ತದೆ.

ಶಾಲೆಯಲ್ಲಿ ಯಾರ ಹಬ್ಬ ಮಾಡಬೇಕು ಅಂತ ದೊಡ್ಡವರು ಜಗಳ ಆಡುತ್ತಾರೆ. ಕ್ಲಾಸಿನಲ್ಲಿ ಯಾರ್‍ಯಾರು ಕೂತಿದ್ದಾರೋ ಅವರೆಲ್ಲರ ಹಬ್ಬ ಅನ್ನುವುದು ನನ್ನ ಉತ್ತರ. 2025ರಲ್ಲಿ ಯುಗಾದಿ ಮಾರ್ಚ್ 30, ರಂಜಾನ್ ಮಾರ್ಚ್ 31. ಯುಗಾದಿಯ ಸಂಜೆ ಪಡುವಣದಲ್ಲಿ ಕಂಡ ಆ ತೆಳು ಗೆರೆಯ ಚಂದ್ರನನ್ನೇ ಎರಡೂ ಮನೆಯವರು ಕಾದು ನೋಡಿದ್ದು. ಅಕ್ಕ ಮಕ್ಕಳಿಗೆ ಒಂದು ಹಾಳೆ ಕೊಟ್ಟಿದ್ದಳು. ದಿನಾ ಸಂಜೆ ಚಂದ್ರ ಹೇಗೆ ಕಾಣಿಸಿತೋ ಹಾಗೇ ಬಿಡಿಸಬೇಕು. ಎದುರಿಗೆ ದೊಡ್ಡ ಬಿಲ್ಡಿಂಗ್ ಇದ್ದವರು ಟೆರೇಸಿಗೆ ಹತ್ತಿದರು. ಮೋಡ ಇದ್ದ ದಿನ ಮೋಡವನ್ನೇ ಬಿಡಿಸಿದರು. ಬೇಸಿಗೆ ರಜೆ ಬರುವಷ್ಟರಲ್ಲಿ ಹಾಳೆಯ ಮೇಲಿನ ಚಂದ್ರ ಹೆಚ್ಚುಕಡಿಮೆ ದುಂಡಗಾಗಿದ್ದ. ಒಂದು ಮಗು ಬೇವುಬೆಲ್ಲ ತಂದಿತ್ತು, ಇನ್ನೊಂದು ಡಬ್ಬಿಯಲ್ಲಿ ಶೀರ್ ಖುರ್ಮಾ ಅನ್ನುವ ಶ್ಯಾವಿಗೆ ಪಾಯಸ ತಂದಿತ್ತು. ಬೇವು ಕಹಿ ಅಂತ ಮುಖ ಸಿಂಡರಿಸಿದವರೆಲ್ಲ ಶ್ಯಾವಿಗೆಗೆ ಮುಗಿಬಿದ್ದರು.

ಹುಟ್ಟುಹಬ್ಬದ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಶಾಲೆಗಳಲ್ಲಿ ರಿಟರ್ನ್ ಗಿಫ್ಟ್ ಅನ್ನುವುದು ಪೈಪೋಟಿ ಆಗಿಬಿಟ್ಟಿದೆ. ಒಬ್ಬರು ಪೆನ್ಸಿಲ್ ಡಬ್ಬಿ ಕೊಟ್ಟರೆ ಇನ್ನೊಬ್ಬರು ನೀರಿನ ಬಾಟಲಿ. ಕೊಡಲಾಗದ ಮನೆಯ ಮಗು ಆ ದಿನ ಶಾಲೆಗೇ ಬರುವುದಿಲ್ಲ. ದಯವಿಟ್ಟು ಇದನ್ನು ನಿಲ್ಲಿಸೋಣ. ಅಕ್ಕನ ಗೋಡೆಯ ಮೇಲೆ ಹನ್ನೆರಡು ತಿಂಗಳ ಪಟ್ಟಿ ಇದೆ. ಪ್ರತಿ ಮಗು ತನ್ನ ತಿಂಗಳಿನ ಮೇಲೆ ತಾನೇ ಬಣ್ಣ ಹಚ್ಚಿದ ಒಂದು ಚೌಕ ಅಂಟಿಸುತ್ತದೆ. ಯಾವ ತಿಂಗಳ ಕಂಬ ಎಲ್ಲಕ್ಕಿಂತ ಎತ್ತರ? ಯಾವ ತಿಂಗಳು ಖಾಲಿ? ಹುಟ್ಟುಹಬ್ಬದ ದಿನ ಆ ಮಗುವಿಗೆ ಕ್ಲಾಸಿನವರೆಲ್ಲ ಒಂದೊಂದು ಒಳ್ಳೆಯ ಮಾತು ಹೇಳಬೇಕು. "ನೀನು ನನಗೆ ರಬ್ಬರ್ ಕೊಟ್ಟೆ." "ನೀನು ಚೆನ್ನಾಗಿ ಓಡ್ತೀಯ." ಖರ್ಚು ಏನೂ ಇಲ್ಲ. ಮಗು ಮನೆಗೆ ಹೋಗಿ ಒಂದೊಂದನ್ನೂ ನೆನಪಿಟ್ಟು ಹೇಳುತ್ತದಂತೆ.

ಇದೆಲ್ಲ ಮಾಡಿದರೆ ಪೋರ್ಷನ್ ಮುಗಿಯುವುದು ಹೇಗೆ ಅಂತ ಕೇಳುವವರಿದ್ದಾರೆ. ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು, ಸಣ್ಣ ಲೆಕ್ಕ ಮಾಡಬೇಕು ಅಂತ 2021ರಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಅಂತಲೇ ಒಂದು ಕಾರ್ಯಕ್ರಮ ತಂದಿದೆ. ಈ ವಯಸ್ಸಿನ ನಿಜವಾದ ಪೋರ್ಷನ್ ಅಷ್ಟೇ. ಎಳ್ಳುಬೆಲ್ಲದ ತಟ್ಟೆಯಲ್ಲಿ ಅದು ಮುಗಿಯುತ್ತದೆ. ಬಾಡಿಗೆ ಕಿರೀಟದಲ್ಲಿ ಮುಗಿಯುವುದಿಲ್ಲ.

ನಮ್ಮ ಮಗಳ ಶಾಲೆಯಲ್ಲಿ ಕಾರ್ತಿಕ ಮಾಸಕ್ಕೆ ಒಂದು ಪ್ರಯತ್ನ ಮಾಡಬೇಕು ಅಂತಿದ್ದೇವೆ. ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಾವು ಒಂದಷ್ಟು ಪೋಷಕರು ಸೇರಿ ಕ್ಲಾಸಿಗೆ ಹಸಿ ಕಡಲೆಕಾಯಿ ತಂದುಕೊಡುತ್ತೇವೆ, ಸಿಕ್ಕರೆ ಗಿಡದ ಸಮೇತ. ಹೂವು ಮೇಲೆ ಬಿಟ್ಟು, ಅದರ ಬುಡದ ಕಡ್ಡಿ ಬಾಗಿ ಮಣ್ಣಿನೊಳಗೆ ಹೋಗಿ ಅಲ್ಲಿ ಕಾಯಾಗುತ್ತದೆ ಅನ್ನುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಪ್ರತಿ ಮಗು ಹತ್ತು ಕಾಯಿ ಸುಲಿದು, ಒಂದು ಬೀಜದ್ದು ಎಷ್ಟು, ಎರಡರದ್ದು ಎಷ್ಟು, ಮೂರರದ್ದು ಎಷ್ಟು ಅಂತ ಬರೆಯಲಿ. ವೇಷ ಇಲ್ಲ, ಸ್ಟೇಜ್ ಇಲ್ಲ, ಪೋಷಕರು ಫೋನ್ ಹಿಡಿದು ನಿಲ್ಲುವುದೂ ಇಲ್ಲ. ಕ್ಲಾಸ್ ಟೀಚರ್ ಖುಷಿಯಿಂದ ಒಪ್ಪಿದ್ದಾರೆ. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳು ಇದ್ದಾರಾ ಅಂತ ಮೊದಲು ಎಲ್ಲ ಮನೆಗೂ ಕೇಳಬೇಕು ಅಂದರು. ಒಬ್ಬರಿದ್ದರೂ ಕಡಲೆಕಾಯಿ ಬಿಟ್ಟು ಅವರೆಕಾಯಿ ತರುತ್ತೇವೆ. ಅಷ್ಟರಲ್ಲಿ ಅವರೆಕಾಯಿ ಸೀಸನ್ನೂ ಶುರುವಾಗಿರುತ್ತದೆ.