ಕಡಲ ದೋಣಿಯ ವಿನ್ಯಾಸದಲ್ಲಿ ಹಾಸನದ ವಿದ್ಯಾರ್ಥಿಗಳಿಗೂ ಪಾಲಿರಲಿ

ಆಳ ಸಮುದ್ರದ ಪಂದ್ಯಕ್ಕೆ ಇಳಿಯಬಲ್ಲ ಸಣ್ಣ ಹಾಯಿದೋಣಿಯೊಂದರ ವಿನ್ಯಾಸದಲ್ಲಿ ಹಾಸನ, ಚಿಕ್ಕಮಗಳೂರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ತೊಡಗಿಸಬೇಕು ಎಂದು ನಾನು ಹೇಳಿದಾಗಲೆಲ್ಲ, ಕಡಲಿಲ್ಲದ ಊರಿಗೆ ದೋಣಿಯ ಮಾತೇಕೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ವಿನ್ಯಾಸದ ಕೆಲಸಕ್ಕೆ ದೂರ ಅಡ್ಡಿಯಾಗುವುದಿಲ್ಲ. ಇದೇ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದಲೂ ನಮ್ಮ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಕಡಲಾದರೋ ಶಿರಾಡಿ ಘಾಟಿಯ ಕೆಳಗೇ ಇದೆ.

ನನ್ನ ಮನಸ್ಸಿನಲ್ಲಿರುವುದು ಮಿನಿ 6.50 ಎಂಬ ವರ್ಗದ ದೋಣಿ. ಉದ್ದ ಆರೂವರೆ ಮೀಟರ್, ಅಗಲ ಹೆಚ್ಚೆಂದರೆ 3 ಮೀಟರ್. ಇಷ್ಟು ಸಣ್ಣ ದೋಣಿಯಲ್ಲಿ ಒಬ್ಬರೇ ಅಟ್ಲಾಂಟಿಕ್ ಸಾಗರವನ್ನು ದಾಟುವ ಮಿನಿ ಟ್ರಾನ್ಸಾಟ್ ಪಂದ್ಯ 1977ರಲ್ಲಿ ಆರಂಭವಾಗಿ ಇಂದಿಗೂ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. ಇದರ ಪ್ರೋಟೋಟೈಪ್ ವಿಭಾಗದಲ್ಲಿ, ಅಂದರೆ ಪ್ರಯೋಗಕ್ಕೆಂದು ಕಟ್ಟಿದ ದೋಣಿಗಳ ವಿಭಾಗದಲ್ಲಿ, ಹೊಸ ಆಲೋಚನೆಗಳಿಗೆ ಬಹಳ ಅವಕಾಶವಿದೆ. ದೋಣಿಯ ಮೂತಿ ಚೂಪಾಗಿರಬೇಕೆಂದು ಎಲ್ಲರೂ ನಂಬಿದ್ದಾಗ, ಫ್ರಾನ್ಸಿನ ಡೇವಿಡ್ ರೇಝೋಂ ತಾವೇ ವಿನ್ಯಾಸ ಮಾಡಿದ ದುಂಡು ಮೂತಿಯ ದೋಣಿಯಲ್ಲಿ 2011ರ ಪಂದ್ಯವನ್ನು ಗೆದ್ದರು. ಮೂತಿ ಅಗಲವಾದಷ್ಟೂ ದೋಣಿ ವಾಲಿದಾಗ ನೀರು ಅದನ್ನು ಹೆಚ್ಚು ಬಲವಾಗಿ ಎತ್ತಿಹಿಡಿಯುತ್ತದೆ, ಅಲೆಯೊಳಗೆ ಮೂತಿ ಹೂತುಹೋಗುವುದೂ ಕಡಿಮೆಯಾಗುತ್ತದೆ. ಆ ಆಕಾರವನ್ನು ಆಮೇಲೆ ದೊಡ್ಡ ದೋಣಿಗಳೂ ಅಳವಡಿಸಿಕೊಂಡವು. ದೋಣಿ ಸಣ್ಣದಾಗಿದ್ದರೆ ಖರ್ಚೂ ಸಣ್ಣದು, ಆದ್ದರಿಂದ ಹೊಸದನ್ನು ಪರೀಕ್ಷಿಸುವ ಧೈರ್ಯವೂ ಬರುತ್ತದೆ. ಕಲಿಯುವವರಿಗೆ ಬೇಕಾಗಿರುವುದು ಅಂಥದ್ದೇ ವಸ್ತು.

ತೊಡಗಿಸುವುದು ಎಂದರೆ, ಬೇರೆಯವರು ತೀರ್ಮಾನಿಸಿದ ಆಕಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಲು ಹಚ್ಚುವುದಲ್ಲ, ಅಚ್ಚಿನ ಮೇಲೆ ಉಪ್ಪುಕಾಗದ ಉಜ್ಜಿಸುವುದೂ ಅಲ್ಲ. ಮೊದಲ ಗೆರೆ ಎಳೆಯುವ ಮುನ್ನವೇ ಅವರು ಮೇಜಿನ ಸುತ್ತ ಕುಳಿತಿರಬೇಕು, ಮತ್ತು ಕೆಲವು ತೀರ್ಮಾನಗಳು ನಿಜವಾಗಿಯೂ ಅವರವೇ ಆಗಿರಬೇಕು. ದೋಣಿಯ ತಳದಿಂದ ಇಳಿಬಿದ್ದ ಕೀಲ್‌ನ ತುದಿಯಲ್ಲಿ ಎಷ್ಟು ಸೀಸ ಇರಬೇಕು ಎಂಬ ಒಂದೇ ಪ್ರಶ್ನೆಯನ್ನು ನೋಡಿ. ಸೀಸ ಹೆಚ್ಚಾದರೆ ಗಾಳಿಗೆ ವಾಲಿದ ದೋಣಿ ಬಲವಾಗಿ ನೆಟ್ಟಗಾಗುತ್ತದೆ, ದೊಡ್ಡ ಹಾಯಿಯನ್ನು ಹೊರಬಲ್ಲದು. ಆದರೆ ಅದೇ ಭಾರವನ್ನು ಸಾಗರದುದ್ದಕ್ಕೂ ಎಳೆಯಬೇಕಾಗುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಹುಡುಗಿಗೆ, ಆ ನಾಲ್ಕು ಪಟ್ಟು ಯಾವ ಬೋಲ್ಟಿನ ಮೇಲೆ ಬಂದು ಕೂರುತ್ತದೆ ಎಂದು ಕೇಳಿದಾಗಲೇ ಸೂತ್ರದ ಅರ್ಥ ತಿಳಿಯುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು ಒಪ್ಪಿಸುವ ಪದ್ಧತಿಯನ್ನು ಕಂಡು ನೊಂದಿರುವ ನನಗೆ, ಹೀಗೆ ಕೊಳ್ಳಲಾಗದ ಕೆಲಸವೊಂದನ್ನು ಅವರ ಮುಂದಿಡುವುದೇ ಸರಿಯಾದ ದಾರಿಯೆಂದು ತೋರುತ್ತದೆ.

ಪ್ರಯೋಗಕ್ಕೆ ಗೊರೂರಿನ ಹೇಮಾವತಿ ಹಿನ್ನೀರೇ ಸಾಕು. ಸಣ್ಣ ಮಾದರಿಯನ್ನು ನೀರಿನಲ್ಲಿ ಎಳೆದು ದೊಡ್ಡ ಹಡಗಿಗೆ ನೀರು ಒಡ್ಡುವ ತಡೆಯನ್ನು ಅಂದಾಜು ಮಾಡುವ ವಿಧಾನವನ್ನು ಇಂಗ್ಲೆಂಡಿನ ವಿಲಿಯಂ ಫ್ರೌಡ್ 1870ರ ದಶಕದಲ್ಲಿಯೇ ತೋರಿಸಿಕೊಟ್ಟರು. ಆರೂವರೆ ಮೀಟರ್ ದೋಣಿಯನ್ನು ಐದನೇ ಒಂದು ಅಳತೆಗೆ ಇಳಿಸಿದರೆ ಮಾದರಿಯ ಉದ್ದ 1.3 ಮೀಟರ್. ತೂಕ 125ರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ 900 ಕಿಲೋ ದೋಣಿಯ ಮಾದರಿ 7.2 ಕಿಲೋ ತೂಗಬೇಕು. ವೇಗ ಮಾತ್ರ ಐದರ ವರ್ಗಮೂಲದಷ್ಟೇ ಇಳಿಯುತ್ತದೆ. ಈ ಉದ್ದದ ದೋಣಿ ತಾನೇ ಎಬ್ಬಿಸಿದ ಅಲೆಗೆ ಸಿಕ್ಕಿಕೊಂಡು ಮುಂದೆ ವೇಗ ಹೆಚ್ಚಿಸಿಕೊಳ್ಳಲು ಹೆಣಗುವ ಹಂತದ ವೇಗ ಗಂಟೆಗೆ ಸುಮಾರು 11.5 ಕಿಲೋಮೀಟರ್, ಮಾದರಿಗೆ ಅದು ಸುಮಾರು 5, ಅಂದರೆ ಮನುಷ್ಯ ಬಿರುಸಾಗಿ ನಡೆಯುವ ವೇಗ. ದಡದಲ್ಲಿ ನಡೆಯುತ್ತಾ ಉದ್ದನೆಯ ಕೋಲಿನ ತುದಿಯ ಹಗ್ಗದಿಂದ ಎಳೆದು, ನಡುವೆ ಕಟ್ಟಿದ ಸ್ಪ್ರಿಂಗ್ ತಕ್ಕಡಿಯಲ್ಲಿ ತಡೆಯನ್ನು ಓದಬಹುದು. ನೀರಿನ ಘರ್ಷಣೆ ಮಾತ್ರ ಈ ನಿಯಮಕ್ಕೆ ಒಳಪಡದಿರುವುದರಿಂದ ಅದನ್ನು ಬೇರೆಯಾಗಿ ಲೆಕ್ಕ ಹಾಕಿ ಕಳೆಯಬೇಕು, ದೊಡ್ಡ ದೋಣಿಗೆ ಮತ್ತೆ ಕೂಡಿಸಬೇಕು. ಎರಡು ಮೂತಿಗಳನ್ನು ಮಾಡಿ ಹೋಲಿಸಿ ನೋಡಿದ ವಿದ್ಯಾರ್ಥಿಗೆ ರೇಝೋಂ ಅವರ ತರ್ಕವನ್ನು ಯಾರೂ ವಿವರಿಸಬೇಕಾಗುವುದಿಲ್ಲ.

ಅಪಾಯವಿಲ್ಲವೇ ಎಂಬ ಪೋಷಕರ ಮತ್ತು ಅಧ್ಯಾಪಕರ ಆತಂಕ ನ್ಯಾಯವಾದದ್ದು. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ, 2018ರಲ್ಲಿ, ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿಯ ಹಾಯಿಕಂಬಗಳು ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಮುರಿದವು. ಬೆನ್ನಿಗೆ ತೀವ್ರವಾಗಿ ಪೆಟ್ಟಾಗಿ ಮಲಗಿದಲ್ಲಿಂದ ಏಳಲಾಗದಿದ್ದ ಅವರನ್ನು ಬೇರೆ ಹಡಗಿನವರು ಬಂದು ರಕ್ಷಿಸಬೇಕಾಯಿತು. ಅವರು ಮುಂದಿನ ಪಂದ್ಯಕ್ಕೆ ಮರಳಿ 2023ರಲ್ಲಿ ಎರಡನೆಯವರಾಗಿ ಮುಗಿಸಿದ್ದು ಬೇರೆಯೇ ಎತ್ತರದ ಮಾತು. ಇಂಥ ಅಪಾಯ ಇರುವುದರಿಂದಲೇ ಕೀಲ್, ಕಂಬ, ಚುಕ್ಕಾಣಿಗಳ ಬಲದ ಲೆಕ್ಕವನ್ನು ಅನುಭವಿ ನೌಕಾ ವಿನ್ಯಾಸಕರು ಪರಿಶೀಲಿಸಿ ಸಹಿ ಹಾಕಲೇಬೇಕು. ಇದರಲ್ಲಿ ರಿಯಾಯಿತಿ ಸಲ್ಲದು. ಮಿನಿ ವರ್ಗದ ನಿಯಮವೇ ದೋಣಿಯನ್ನು ನೀರಿನ ಮೇಲೆ ಅಡ್ಡ ಮಲಗಿಸಿ, ಕಂಬದ ತುದಿಗೆ ಭಾರ ಕಟ್ಟಿ, ಅದು ಏಳುತ್ತದೆಯೇ ಎಂದು ಪರೀಕ್ಷಿಸುತ್ತದೆ. ಈ ಪರೀಕ್ಷೆಗೆ ಬೇಕಾದ ಲೆಕ್ಕವನ್ನು ವಿದ್ಯಾರ್ಥಿಗಳು ಮೊದಲೇ ಮಾಡಿ, ತಮ್ಮ ಹೆಸರು ಬರೆದು ಒಪ್ಪಿಸಲಿ.

ಕಟ್ಟುವ ಕೆಲಸವೂ ನಮ್ಮ ದೇಶಕ್ಕೆ ಹೊಸದಲ್ಲ. ನೌಕಾಪಡೆಯ ಮಹಿಳೆಯರನ್ನು ಭೂಮಿಯ ಸುತ್ತ ಕರೆದೊಯ್ದ ತಾರಿಣಿ ಗೋವಾದಲ್ಲಿ ಸಿದ್ಧವಾದ ದೋಣಿ. ಆದರೆ ನಾನು ಮೊದಲ ವರ್ಷಕ್ಕೆ ದೋಣಿಯನ್ನೇ ಕೇಳುತ್ತಿಲ್ಲ. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್ ವಿಭಾಗಗಳ ಜೊತೆಗೆ ಐಟಿಐ ಮಕ್ಕಳನ್ನೂ ಸಮಾನರಾಗಿ ಸೇರಿಸಿಕೊಂಡ ಒಂದು ತಂಡ, ಎರಡು ಮಾದರಿಗಳು, ಹಿನ್ನೀರಿಗೆ ಇಳಿಯಲು ಜಲಾಶಯದ ಅಧಿಕಾರಿಗಳ ಅನುಮತಿ, ತಿಂಗಳಿಗೊಮ್ಮೆ ಬಂದು ತಪ್ಪು ತೋರಿಸುವ ಒಬ್ಬ ನೌಕಾ ವಿನ್ಯಾಸಕರು: ಇಷ್ಟಿದ್ದರೆ ಮುಂದಿನ ಸೆಮಿಸ್ಟರ್‌ನಲ್ಲೇ ಆರಂಭಿಸಬಹುದು. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ಗೆಳೆಯರು ತಮ್ಮ ವಿಭಾಗದ ಸಭೆಯಲ್ಲಿ ಈ ವಿಷಯವನ್ನು ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಮಾದರಿಗಳ ಮರ ಮತ್ತು ಫೈಬರ್‌ನ ಖರ್ಚನ್ನು ನಾನು ಕೊಡುತ್ತೇನೆ.